ಸೋತರೆ ಎರಡರಷ್ಟು

ಸೈಬರ್‌ಜಯಾ
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಗುರು,

‘ಪ್ರೀತಿಯ’ ಎಂದು ಬರೆದು ಒಮ್ಮೆ ಹೊಡೆದುಹಾಕಿದ್ದೆ, ಇದು ಎರಡನೆಯ ಹಾಳೆ. ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ ಜಗಳ ಶುರುವಾಗುತ್ತದೆ. ವಾಟ್ಸಾಪಿನಲ್ಲಿ ಎಷ್ಟುದ್ದ ಬರೆದರೂ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀಯ. ಅದಕ್ಕೇ ಕಾಗದ. ವಿಠಲ ನಾಳೆ ಏನೋ ಕಾಲೇಜಿನ ಕೆಲಸಕ್ಕೆ ಇಲ್ಲೇ ಪಕ್ಕದ ಪುತ್ರಜಯಾಕ್ಕೆ ಬರುತ್ತಾರಂತೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಎರಡು ತಿಂಗಳಿಂದ ನಿನ್ನನ್ನು ಸುಬಾಂಗ್ ಜಯಾದ ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕುತ್ತಿರುವ ಪುಣ್ಯಾತ್ಮರು, ಪಾಪ, ಈಗ ನಮ್ಮ ಅಂಚೆಯವರೂ ಆದರು.

ವಿಷಯಕ್ಕೆ ಬರುತ್ತೇನೆ. ನಿನ್ನ ಪದ್ಧತಿ ಮುರಿಯಿತು. ನಾನು ಗೆದ್ದೆ. ಮಾತು ಕೊಟ್ಟಂತೆ ಅರ್ಜಿಗೆ ಸಹಿ ಹಾಕಿ ಮನೆಗೆ ಬಾ.

ಮಾತು ಏನಿತ್ತು ಎಂದು ಜಾಣಮರೆವು ತೋರಿಸಬೇಡ. ವಿಠಲರ ಅಡುಗೆಮನೆಯಲ್ಲಿ, ದೇವಕಿ ನೀರುದೋಸೆ ಹಾಕುತ್ತಿದ್ದಾಗ, ಆ ಗಂಡಹೆಂಡತಿ ಇಬ್ಬರ ಎದುರಿಗೇ ಆದ ಒಪ್ಪಂದ ಅದು. ಮೂರು ಶನಿವಾರ ನಾನು ಗುಡ್ಡದ ಮೇಲಿನ ಕ್ಯಾಸಿನೊಗೆ ಹೋಗಿ ನಿನ್ನ ನಿಯಮದಂತೆಯೇ, ಒಂದಕ್ಷರ ಬದಲಿಸದೆ, ಆ ರೂಲೆಟ್ ಚಕ್ರದ ಆಟ ಆಡುವುದು. ಪದ್ಧತಿ ಮುರಿಯದಿದ್ದರೆ ನಾನು ಇನ್ನು ಜನ್ಮದಲ್ಲಿ ಆ ವಿಷಯ ಎತ್ತಬಾರದು. ಮುರಿದರೆ ನೀನು ‘ಇನ್ನು ನನ್ನನ್ನು ಒಳಗೆ ಬಿಡಬೇಡಿ’ ಎಂದು ಕ್ಯಾಸಿನೊದವರಿಗೇ ಅರ್ಜಿ ಬರೆದುಕೊಟ್ಟು ಮನೆಗೆ ವಾಪಸ್ ಬರುವುದು. ನನ್ನ ಈ ಪರೀಕ್ಷೆ ಮುಗಿಯುವವರೆಗೆ ನೀನು ಗುಡ್ಡ ಹತ್ತಬಾರದು. ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಮುರಿದು ತೋರಿಸು ಭವ್ಯಾ. ಅವತ್ತೇ ಸೈನ್ ಹಾಕ್ತೀನಿ.”

ಆ ಧಾಟಿ ನನಗೆ ಹದಿನಾಲ್ಕು ವರ್ಷದಿಂದ ಗೊತ್ತು. ಮೈಸೂರಿನ ಆಫೀಸಿನಲ್ಲಿ ನೀನು ಪ್ರೋಗ್ರಾಂ ಬರೆಯುವವನು, ನಾನು ಅದರಲ್ಲಿ ತಪ್ಪು ಹುಡುಕುವವಳು. ತಪ್ಪು ತೋರಿಸಿದಾಗಲೆಲ್ಲ ಕುರ್ಚಿಯಿಂದ ತಿರುಗದೆಯೇ, ನನ್ನ ಕಂಪ್ಯೂಟರಿನಲ್ಲಿ ಸರಿಯಾಗೇ ಇದೆಯಲ್ಲ, ಇನ್ನೊಂದು ಸಲ ಮಾಡಿ ತೋರಿಸಿ ಮೇಡಂ ಎನ್ನುತ್ತಿದ್ದೆ. ಹಾಗೆ ತೋರಿಸಿ ತೋರಿಸಿಯೇ ಮದುವೆಯೂ ಆಯಿತು. ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ನಿನ್ನ ಇಪ್ಪತ್ತೈದು ರಿಂಗಿಟ್ಟಿನ ಆಟ ಯಾವ ಲೆಕ್ಕ ಎಂದುಕೊಂಡೇ ಮೊದಲ ಶನಿವಾರ ಬಸ್ಸು ಹತ್ತಿದೆ.

ಕೆಂಪಿನ ಮೇಲೆ ಇಪ್ಪತ್ತೈದು. ಗೆದ್ದರೆ ಜೇಬಿಗೆ ಹಾಕಿ ಮತ್ತೆ ಇಪ್ಪತ್ತೈದರಿಂದ ಶುರು. ಸೋತರೆ ಐವತ್ತು, ಮತ್ತೆ ಸೋತರೆ ನೂರು, ಆಮೇಲೆ ಇನ್ನೂರು. ಕೆಂಪು ಯಾವಾಗಲಾದರೂ ಬಂದೇ ಬರಬೇಕು, ಬಂದಾಗ ಸೋತದ್ದೆಲ್ಲ ಕೈಗೆ ಬಂದು ಮೇಲೆ ಇಪ್ಪತ್ತೈದು ಲಾಭ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ನಮ್ಮ ಪೂರ್ವಿಗೂ ಪಾಠ ಮಾಡಿದ್ದೆಯಲ್ಲ, ಒಂಬತ್ತು ವರ್ಷದ ಮಗುವಿಗೆ. ಅವತ್ತೇ ನಿನ್ನನ್ನು ಮನೆಯಿಂದ ಹೋಗು ಎಂದದ್ದು. ಅದಕ್ಕೆ ನಾನು ಈಗಲೂ ಕ್ಷಮೆ ಕೇಳುವುದಿಲ್ಲ.

ಮೊದಲ ಶನಿವಾರ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸೋಲಲಿಕ್ಕೆಂದೇ ಬೋನಸ್ ಹಣದ ಮೂರು ಸಾವಿರ ಚಿಲ್ಲರೆ ತೆಗೆದುಕೊಂಡು ಹೋಗಿದ್ದೇನೆ, ಈ ದರಿದ್ರ ಚಕ್ರ ಸೋಲಲಿಕ್ಕೇ ಬಿಡುತ್ತಿಲ್ಲ. ಎರಡು ಸಲ ಕಪ್ಪು, ಮೂರನೆಯದು ಕೆಂಪು. ಒಂದು ಸಲ ಕಪ್ಪು, ತಕ್ಷಣ ಕೆಂಪು. ನೋಟ್‌ಬುಕ್ಕಿನಲ್ಲಿ ಒಂದೊಂದನ್ನೂ ಬರೆದುಕೊಂಡೆ. ಪಕ್ಕದಲ್ಲಿ ಕ್ಲಾಂಗಿನ ಒಬ್ಬ ತಮಿಳು ಆಂಟಿ ಕೂತಿದ್ದರು. ಗೆದ್ದಾಗಲೆಲ್ಲ ಮುಖ ಗಂಟಿಕ್ಕಿಕೊಳ್ಳುವ ಹೆಂಗಸನ್ನು ಅವರು ಕಂಡಿರಲಿಲ್ಲವಂತೆ. ಹುರಿದ ಕಡಲೆಕಾಯಿ ಕೊಟ್ಟು, “ವಿನ್ ಆದ್ರೂ ಕೋಪಾನಾ ಮಾ? ಸ್ಮೈಲ್ ಲಾ” ಎಂದರು. ಸಂಜೆಯ ಹೊತ್ತಿಗೆ ಮುನ್ನೂರೈವತ್ತು ಗೆದ್ದಿದ್ದೆ. ಕೇಬಲ್ ಕಾರಿನಲ್ಲಿ ಇಳಿದು ಬರುವಾಗ ಅಳುವೇ ಬಂತು.

ಎರಡನೆಯ ಶನಿವಾರ ಆರುನೂರೈವತ್ತು. ಅವತ್ತು ನೀನು, ಶನಿವಾರವೆಂದು ನಿನ್ನ ಹತ್ತಿರ ಬಿಟ್ಟಿದ್ದ ಪೂರ್ವಿಯ ಕೈಯಲ್ಲಿ ಫೋನ್ ಮಾಡಿಸಿ, ಅಮ್ಮ ಗೆದ್ದಳೋ ಸೋತಳೋ ಎಂದು ಕೇಳಿಸಿದ್ದೆ. ಗೆದ್ದೆ ಎಂದೆ. ಹಿಂದಿನಿಂದ ನೀನು ನಕ್ಕದ್ದು ಕೇಳಿಸಿತು. ನಿನ್ನ ನಗುವಿಗೆ ಉರಿದುಹೋದೆ. ಅದಕ್ಕಿಂತ ಹೆಚ್ಚು ಉರಿಸಿದ್ದು ಆಮೇಲೆ ಮಗು ಕೇಳಿದ ಮಾತು: “ಅಮ್ಮಾ, ವೈ ಕಾಂಟ್ ಅಪ್ಪ ಜಸ್ಟ್ ಕಮ್ ಹೋಮ್?” ನಾನು ಗೆಲ್ಲುವುದು ನಿಂತರೆ ಬರುತ್ತಾರೆ ಎಂದು ಆ ಮಗುವಿಗೆ ಹೇಗೆ ಹೇಳಲಿ?

ಮೂರನೆಯ ಶನಿವಾರ ಕಪ್ಪು ಬಂತು. ಮತ್ತೆ ಕಪ್ಪು. ಐದನೆಯ ಸಲವೂ ಕಪ್ಪು ಬಂದಾಗ ಆಂಟಿ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದರು. ಏಳನೆಯ ಸಲ ಸಾವಿರದ ಆರುನೂರು ಇಟ್ಟೆ, ಅದೂ ಹೋಯಿತು. ಎಂಟನೆಯದಕ್ಕೆ ನಿನ್ನ ನಿಯಮದಂತೆ ಮೂರು ಸಾವಿರದ ಇನ್ನೂರು ಇಡಬೇಕು. ಮೇಜಿನ ಮೇಲಿನ ಫಲಕದಲ್ಲಿ ಏನಿದೆ ಗೊತ್ತಾ? ಒಂದು ಸಲಕ್ಕೆ ಮೂರು ಸಾವಿರಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು. ಅಷ್ಟು ದಿನ ಆ ಫಲಕದ ಎದುರಿಗೇ ಕೂತಿದ್ದೆಯಲ್ಲ ಗುರು, ನಿನ್ನ ಕಂಪ್ಯೂಟರಿನಲ್ಲಿ ಲಕ್ಷ ಸಲ ಆಡಿಸಿ ನೋಡಿದೆಯಲ್ಲ, ಆ ಮಿತಿಯನ್ನು ಲೆಕ್ಕಕ್ಕೇ ಹಾಕಲಿಲ್ಲ. ಎರಡರಷ್ಟು ಮಾಡುತ್ತ ಹೋಗಲಿಕ್ಕೆ ಅವರು ಬಿಡುವುದೇ ಇಲ್ಲ. ಸೋತದ್ದು ಸೋತದ್ದೇ. ನಮ್ಮ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು: ಅಂಚಿನಲ್ಲಿ ಏನಾಗುತ್ತದೆ ನೋಡು.

ನೋಟ್‌ಬುಕ್ಕಿನ ಆ ಪುಟವನ್ನು ಇದರ ಜೊತೆಗೆ ಇಟ್ಟಿದ್ದೇನೆ, ಫಲಕದ ಅಂಕಿಯನ್ನೂ ಅದರಲ್ಲೇ ಬರೆದಿದ್ದೇನೆ. ಇಷ್ಟು ದಿನ ಹೇಳದಿದ್ದದ್ದಕ್ಕೆ ಬೇರೆ ಅರ್ಥ ಕಟ್ಟಬೇಡ, ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಮೊನ್ನೆ ಬುಧವಾರ ಟ್ಯೂಷನ್ನಿನಿಂದ ಕರೆತರಲು ಒಂದೂವರೆ ಗಂಟೆ ತಡವಾಯಿತೆಂದು ಪೂರ್ವಿ ನಿನಗೆ ದೂರು ಹೇಳಿರುತ್ತಾಳೆ. ರಸ್ತೆಯಲ್ಲಿ ಜಾಮ್ ಇತ್ತು. ಅದನ್ನೇ ಹಿಡಿದುಕೊಂಡು ನನಗೆ ಉಪದೇಶ ಮಾಡಬೇಡ.

ನೀನು ಎರಡು ತಿಂಗಳಿಂದ ಗುಡ್ಡದ ಕಡೆ ತಲೆ ಹಾಕಿಲ್ಲವಂತೆ, ವಿಠಲ ಹೇಳಿದರು. “ಎಂಥ ಮಾರಾಯ್ತಿ, ಅವನು ಈಗ ಮಗುವಿಗೆ ಸೈಕಲ್ ಕಲಿಸುದು, ತಿನ್ನುದು, ಮಲಗುದು ಅಷ್ಟೇ. ನೀನು ಸುಮ್ಮನೆ ಕರ್ಕೊಂಡು ಹೋಗು” ಎಂದರು. ಕೇಳಿ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ನಾನು ಇಲ್ಲಿ ಒದ್ದಾಡುತ್ತಿದ್ದರೆ ನೀನು ಅಲ್ಲಿ ಸುಮ್ಮನೆ ಒಳ್ಳೆಯವನಾಗಿಬಿಟ್ಟೆಯಲ್ಲ ಎಂದು. ಹೀಗೆಲ್ಲ ಅನ್ನಿಸುವುದು ಸರಿಯಲ್ಲ, ಗೊತ್ತು. ಆದರೂ ಅನ್ನಿಸಿತು, ಬರೆದೆ.

ಒಂದು ಮಾತು ಒಪ್ಪುತ್ತೇನೆ. ನೀನು ಅಲ್ಲಿ ಏನು ಕಂಡೆಯೋ ಎಂದು ನಾನು ಬೈಯುತ್ತಿದ್ದೆ. ಚಕ್ರ ನಿಧಾನವಾಗುವಾಗ ಆ ಚಿಕ್ಕ ಚೆಂಡು ಟಕಟಕ ಎನ್ನುತ್ತದಲ್ಲ, ಆ ನಾಲ್ಕೈದು ಕ್ಷಣ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಆಫೀಸಿಲ್ಲ, ಮನೆಕಂತಿಲ್ಲ, ನೀನೂ ಇಲ್ಲ. ಅದು ನನಗೆ ಅರ್ಥವಾಯಿತು. ಈಗ ನಾನು ಹೋದರೆ ಆಂಟಿ ತಮ್ಮ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿದಿರುತ್ತಾರೆ. ವಾರದ ನಡುವೆ ಬಸ್ಸೂ ಖಾಲಿ, ಮೇಜೂ ಖಾಲಿ. ಜನ ಒಳ್ಳೆಯವರೇ. ಬೈದದ್ದರಲ್ಲಿ ಅರ್ಧವನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇನ್ನರ್ಧ ನಿನಗೇ ಇರಲಿ.

ಅರ್ಜಿಯನ್ನು ನಾನೇ ತಂದಿಟ್ಟಿದ್ದೇನೆ, ನಿನ್ನ ಹೆಸರು ತುಂಬಿದ್ದೇನೆ, ಸಹಿ ಒಂದೇ ಬಾಕಿ. ಖುದ್ದಾಗಿ ಹೋಗಿ ಕೊಡಬೇಕಂತೆ. ಬರುವ ದಿನ ತಿಳಿಸು, ಪೂರ್ವಿಯನ್ನು ದೇವಕಿಯ ಹತ್ತಿರ ಬಿಡೋಣ. ಬೇಗ ತಿಳಿಸು.

ಗೆದ್ದವಳು,
ನಿನ್ನ ಭವ್ಯಶ್ರೀ

ತಾ.ಕ. ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮೂರು ಶನಿವಾರ ಹೋದದ್ದು ನಿಜ. ಬುಧವಾರಗಳನ್ನು ಬರೆಯಲಿಲ್ಲ. ಕಪ್ಪು ಏಳು ಸಲ ಬಂದು ಮೂರು ವಾರ ಆಯಿತು. ಅವತ್ತೇ ನಿನಗೆ ಹೇಳಬೇಕಿತ್ತು. ಒಂದೇ ಸಲ ಕಂಡ ತಪ್ಪನ್ನು ಗುರು ಒಪ್ಪುವುದಿಲ್ಲ, ಇನ್ನೊಂದು ಸಲ ಮಾಡಿ ತೋರಿಸಬೇಕು ಎಂದು ನನಗೆ ನಾನೇ ಹೇಳಿಕೊಂಡು, ಆಫೀಸಿಗೆ ರಜೆ ಹಾಕಿ ಮತ್ತೆ ಹೋದೆ. ಗೆದ್ದರೆ ತಪ್ಪು ಸಿಗಲಿಲ್ಲವೆಂದು ಹೋಗಬೇಕು, ಸೋತರೆ ಹಣ ಬರಲಿಲ್ಲವೆಂದು ಹೋಗಬೇಕು. ಬೋನಸ್ಸಿನ ಹಣ ಪೂರ್ತಿ ಮುಗಿಯಿತು.

ಆದರೆ ಕಳೆದ ಎರಡು ಬುಧವಾರ ನಾನು ಆಡಲಿಕ್ಕೆ ಹೋದದ್ದಲ್ಲ, ಪೂರ್ವಿಯ ಆಣೆ. ತಂದದ್ದು ಎರಡು ಅರ್ಜಿ. ಇನ್ನೊಂದರಲ್ಲಿ ನನ್ನ ಹೆಸರು ಬರೆದು, ಸಹಿ ಹಾಕಿ, ಅದನ್ನು ಕೊಟ್ಟು ಬರಲಿಕ್ಕೆ ಹೋದೆ. ಕೊಡುವ ಕೌಂಟರು ಆ ಮೇಜುಗಳನ್ನು ದಾಟಿ ಆಚೆ ಇದೆ. ಎರಡು ಸಲವೂ ಅರ್ಜಿ ನನ್ನ ಬ್ಯಾಗಿನಲ್ಲೇ ವಾಪಸ್ ಬಂತು. ನಾನು ಗೆದ್ದೆ ಎಂದು ಬರಬೇಡ ಗುರು. ನನ್ನನ್ನು ಆ ಮೇಜುಗಳನ್ನು ದಾಟಿಸಲಿಕ್ಕೆ ಬಾ.