ಭಾವನ ಕುಣಿತ, ನೂರೈವತ್ತು ಕೆಬಿ

ಪೂಜ್ಯ ಭಾವನವರಿಗೆ,

ಇಂದು ಬೆಳಿಗ್ಗೆ, ಪೂರ್ಣ ಎಚ್ಚರದಲ್ಲಿದ್ದು, ನಿಮ್ಮ ಮೀಸೆಯನ್ನು ನಾನೇ ತೆಗೆದೆನೆಂದು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಗಾಬರಿಯಾಗಿ ಮುಖ ಮುಟ್ಟಿಕೊಳ್ಳಬೇಡಿ, ತೆಗೆದದ್ದು ಜಾಹೀರಾತಿನಿಂದ.

ನಾನು ಮಾಡಿಕೊಡುತ್ತಿರುವ ನಿಮ್ಮ ಹಾಸಿಗೆ ಅಂಗಡಿಯ ಬ್ಯಾನರ್ ಫೈಲಿನ ತೂಕ ನೂರೈವತ್ತು ಕೆಬಿ ದಾಟಿದರೆ ಸುದ್ದಿತಾಣದವರು ಹಾಕುವುದಿಲ್ಲ ಎಂದು ಬಡಕೊಂಡೆ. ನೀವೋ, ಹಾಸಿಗೆಯ ಮೇಲೆ ಕುಣಿಯಲೇಬೇಕು, ಮೀಸೆ ಅಲುಗಲೇಬೇಕು, ಹಿಂದೆ ಪಟಾಕಿ ಸಿಡಿಯಲೇಬೇಕು ಎಂದಿರಿ. ಅಲುಗುವ ಒಂದೊಂದು ಕೂದಲಿಗೂ ತೂಕವಿದೆ ಭಾವ! ಬ್ಯಾನರ್ ಎರಡು ಸಲ ವಾಪಸು ಬಂತು. ನಾಳೆ ಅಂಗಡಿ ತೆರೆಯುತ್ತಿದೆ. ಅಕ್ಕನ ಎದುರೇ ನೀವು, "ಕೈಲಾಗಲ್ಲ ಅಂದ್ರೆ ಮೊದ್ಲೇ ಹೇಳ್ಬಾರ್ದಿತ್ತೇನಪ್ಪಾ?" ಎಂದಿರಿ.

ಮೈಯೆಲ್ಲ ಉರಿದುಹೋಯಿತು. "ಫೈಲಿನ ತೂಕ ಇಳಿಸೋದ್ರಲ್ಲಿ ನನ್ನ ಬಿಟ್ರೆ ಇನ್ನೊಬ್ಬ ಇಲ್ಲ!" ಎಂದು ಗುಡುಗಿ ಬಂದು ಪಟಾಕಿ, ಮೀಸೆ, ಕೊನೆಗೆ ನಿಮ್ಮನ್ನೇ ಕಿತ್ತೆಸೆದೆ. ಬರೀ ಹಾಸಿಗೆ ಉಳಿಯಿತು.

ಅದೂ ವಾಪಸು ಬಂತು. ಜೊತೆಗೆ ಸುದ್ದಿತಾಣದಿಂದ ಫೋನು: "ಸಾರ್, ಫೈಲು ಬಿಚ್ಚಿ ನೋಡಿದ್ವಿ, ಹಾಸಿಗೆ ಚಿತ್ರದ ಅಡೀಲಿ ಬನಿಯನ್ನಲ್ಲಿ ಕುಣೀತಿರೋರು ಯಾರು? ತೂಕವೆಲ್ಲ ಅವರದ್ದೇ."

ನಾನೇ ಭಾವ. ನಿಮ್ಮ ಕುಣಿತದ ಅಂದಾಜಿಗೆಂದು ನಾನು ಕುಣಿದು ತೆಗೆದುಕೊಂಡ ಚಿತ್ರಗಳನ್ನು ಮರೆಮಾಡಿದ್ದೆನೇ ಹೊರತು ಅಳಿಸಿರಲಿಲ್ಲ. ಈಗ ನನ್ನನ್ನು ಅಳಿಸಿದ್ದೇನೆ, ನಿಮಗೆ ಜಾಗವಾಗಿದೆ; ದಯವಿಟ್ಟು ನಿಮ್ಮ ಕುಣಿತದ ವಿಡಿಯೊವನ್ನು ಸಂಜೆಯೊಳಗೆ ಮತ್ತೊಮ್ಮೆ ಕಳಿಸಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಭಾಮೈದ