ಉಪ್ಪರಿಗೆಯ ಹಿಂಬದಿಗೆ ಒಮ್ಮೆ ಹೋಗಿ

ರಂಗವಿನ್ಯಾಸ ವಿಭಾಗ, ಸಿರಿಗಟ್ಟಿ ವಿಶ್ವವಿದ್ಯಾಲಯ
ಎರಡನೇ ಮೇ ತಿಂಗಳ ಒಂಬತ್ತು, ೨೧೯೧

ಮಾನ್ಯ ಸುಹಾಸಿನಿ ಕಟಗೇರಿ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಒಂದು ಮೇ ತಿಂಗಳಲ್ಲಿ ಹಿಡಿಸುತ್ತಿಲ್ಲವೆಂದು ನಮ್ಮವರು ಮೇ ತಿಂಗಳನ್ನೇ ಎರಡು ಮಾಡಿಕೊಂಡಿದ್ದಾರೆ. ಈ ಕಾಗದ ನಿಮಗೆ ಮುಂಚಂಚೆಯಲ್ಲಿ ಬರುತ್ತಿದೆ. ಎಂದರೆ ಮುಂಚಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಓರಗೆಯವರೆಲ್ಲ ತಮ್ಮ ಮುತ್ತಜ್ಜಿಯರಿಗೆ ಬರೆದು ಕ್ಷೇಮ ಕೇಳಿದರು. ನಾನು ನನ್ನ ಪಾಲಿನದನ್ನು ನಿಮ್ಮನ್ನು ಬೈಯಲು ಇಟ್ಟುಕೊಂಡೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಎಂ.ಎ. ಕೊನೆಯ ವರ್ಷದಲ್ಲಿ ಬರೆದ ಪ್ರಾಜೆಕ್ಟ್ ಫೈಲಿನಿಂದ. ಹಾಗಾಗಿ ತಪ್ಪುಗಳೆಲ್ಲ ನಿಮ್ಮವೇ.

ಮೊದಲು ನಮ್ಮ ಕಾಲದ ಬಗ್ಗೆ ಎರಡು ಮಾತು. ಇಲ್ಲಿ ಮನೆಗಳಿಗೆಲ್ಲ ಹೊಳೆಗೋಡೆಗಳು, ಬರೀ ಬೆಳಕಿನಿಂದ ಮಾಡಿದವು. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಸಮುದ್ರದಂಡೆ, ಬೇಕಾದ್ದು ಕಾಣುತ್ತದೆ. ಒರಗಿದರೆ ಮಾತ್ರ ಪಕ್ಕದ ಮನೆಯವರ ಊಟದ ತಟ್ಟೆಗೆ ಬೀಳುತ್ತೇವೆ. ಅದಕ್ಕೇ ಜನ ನಾಟಕಕ್ಕೆ ಬರುತ್ತಾರೆ. ಆಟ ಮುಗಿದ ಮೇಲೆ ಸಾಲಾಗಿ ರಂಗಕ್ಕೆ ಹತ್ತಿ, ನಿಜವಾದ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಇದಕ್ಕೆ ಒರಗುಸೇವೆ ಎಂದು ಹೆಸರು. ಹೋದ ವಾರ ಒಬ್ಬ ಅಜ್ಜ ಬಾಗಿಲ ಚೌಕಟ್ಟು ಹಿಡಿದವರು ಅರ್ಧ ಗಂಟೆ ಬಿಡಲಿಲ್ಲ. ಹಿಂದಿನವರು ಗೊಣಗಿದ್ದಕ್ಕೆ, ಹೆಂಡತಿಯನ್ನೂ ಇಷ್ಟು ಹೊತ್ತು ಹಿಡಿದುಕೊಂಡಿಲ್ಲ, ಸ್ವಲ್ಪ ತಡೀರಿ ಅಂದರಂತೆ. ಮರ ಅಷ್ಟು ದುರ್ಲಭ. ಪ್ರತಿ ವಿದ್ಯಾರ್ಥಿಗೆ ಓದು ಮುಗಿಯುವವರೆಗೆ ಒಂದು ಗಾಡಿ ಮರ, ಅದೇ ಮರಪಾಲು. ಕೊನೆಗೆ ಏರುಪರೀಕ್ಷೆ: ಹಳೆಯ ಕಾಲದ ಒಂದು ಸೆಟ್ಟನ್ನು ಮತ್ತೆ ಕಟ್ಟಿ, ಕಟ್ಟಿದವರೇ ಅದರ ಮೇಲೆ ಹತ್ತಿ ನಿಲ್ಲಬೇಕು. ಪದವಿ ಸಿಗಬೇಕಾದರೆ ಮೊದಲು ಪಾದ ಊರಬೇಕು. ಅವಕಾಶ ಎರಡೇ ಸಲ.

ಚೀಟಿ ಎತ್ತಿದಾಗ ನನಗೂ ನನ್ನ ಜೊತೆಗಾತಿ ಜೈನಾಬಿಗೂ ಬಂದದ್ದು ನಿಮ್ಮ ನಾಟಕದ ಸೆಟ್ಟು, ಆ ಉಪ್ಪರಿಗೆ. ಚೀಟಿಯ ಚಿತ್ರದಲ್ಲಿ ಅದು ನೆಲದಿಂದ ಎಂಟು ಅಡಿ ಎತ್ತರ, ಕೆಳಗೆ ಒಂದೂ ಕಂಬವಿಲ್ಲ, ಮೇಲೆ ಹದಿನಾಲ್ಕು ಜನ ಕುಣಿಯುತ್ತಿದ್ದಾರೆ. ಆಸೆಯಿಂದ ನಿಮ್ಮ ಫೈಲ್ ಬಿಚ್ಚಿದೆವು. ನಾಟಕದ ಹಿನ್ನೆಲೆಯ ಬಗ್ಗೆ ನಲವತ್ತು ಪುಟ. ಸೆಟ್ಟಿನ ಹಿಂಬದಿಯ ಬಗ್ಗೆ ಒಂದೇ ಸಾಲು: ‘ಉಳಿದದ್ದನ್ನು ಮೌನೇಶಣ್ಣ ನೋಡಿಕೊಳ್ಳುತ್ತಾರೆ.’ ಫೋಟೊಗಳು ಇನ್ನೂರ ಹನ್ನೊಂದು. ಎಲ್ಲವೂ ಮುಂದಿನಿಂದ ತೆಗೆದವು, ಮುಕ್ಕಾಲು ಪಾಲಿನಲ್ಲಿ ಉಪ್ಪರಿಗೆಗೆ ಅಡ್ಡವಾಗಿ ನೀವು. ನಿಮ್ಮ ನಿಲುವು ಚೆನ್ನಾಗಿ ಗೊತ್ತಾಯಿತು, ಉಪ್ಪರಿಗೆಯ ನಿಲುವು ಗೊತ್ತಾಗಲಿಲ್ಲ. ನಿಮ್ಮ ಕಾಲದವರಿಗೆ ಮುಂದಾಲೋಚನೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇದ್ದದ್ದೆಲ್ಲ ಬರೀ ಮುಂಭಾಗದ ಆಲೋಚನೆಯೇ.

ಈ ಮೌನೇಶಣ್ಣ ಯಾರೆಂದು ಹುಡುಕಿದೆವು. ನಿಮ್ಮ ನಾಟಕದ ಕರಪತ್ರದಲ್ಲಿ ಚಹಾ ತಂದುಕೊಟ್ಟವರಿಗೂ ಕೃತಜ್ಞತೆ ಇದೆ, ಅವರ ಹೆಸರಿಲ್ಲ. ಕೊನೆಗೆ ಹಳೆಯ ಹಾಜರಿ ಪುಸ್ತಕದಲ್ಲಿ ಸಿಕ್ಕಿತು: ಮೌನೇಶಪ್ಪ ಬಡಿಗೇರ, ವಿಭಾಗದ ಬಡಗಿ, ೩೧ ಮಾರ್ಚ್ ೨೦೨೬ಕ್ಕೆ ನಿವೃತ್ತಿ. ಮೂವತ್ತನಾಲ್ಕು ವರ್ಷ ವಿಭಾಗದ ಎಲ್ಲರ ಕನಸುಗಳನ್ನೂ ನಿಲ್ಲಿಸಿಕೊಟ್ಟವರು ಅವರೇ. ಎಲ್ಲರ ಫೈಲಿನಲ್ಲೂ ಅದೇ ಸಾಲು. ಹೇಗೆ ನಿಲ್ಲಿಸಿದರೆಂದು ಕೇಳಿದರೆ ದಾಖಲೆಗಳೆಲ್ಲ ಮೌನೇಶನ ಭಕ್ತರು.

ಊಹೆಯ ಮೇಲೆ ಕಟ್ಟಿದೆವು. ಜೈನಾಬಿ ಮೊದಲು ಹತ್ತಿದಳು. ಮೂರು ಎಣಿಸುವಷ್ಟರಲ್ಲಿ ಉಪ್ಪರಿಗೆ ಅವಳನ್ನು ಹೊತ್ತುಕೊಂಡೇ ನೆಲಕ್ಕೆ ಬಂತು. ಸೊಂಟದ ಮೂಳೆ ಮುರಿದಿದೆ. ಇನ್ನು ಏಣಿ ಹತ್ತುವಂತಿಲ್ಲವೆಂದು ವೈದ್ಯರು ಹೇಳಿದ್ದಾರೆ. ನಮಗೆ ಪಾಠ ಹೇಳುವ ಕಲ್ಲೂರ ಸರ್ ಮುರಿದ ತೊಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ತಪ್ಪು ನಿಮ್ದಲ್ಲ ತಂಗಿ. ಹೇಳಾಂವ ಇದ್ದ, ಕೇಳಾವ್ರು ಇರಲಿಲ್ಲ” ಎಂದರು. ಆ ಸುಹಾಸಿನಿಯನ್ನೇ ಮೊದಲು ಹತ್ತಿಸಬೇಕಿತ್ತು ಎಂದು ಜೈನಾಬಿ ಆಸ್ಪತ್ರೆಯಲ್ಲಿ ಮಲಗಿ ನಗುತ್ತಾಳೆ. ನಕ್ಕರೆ ಸೊಂಟ ನೋಯುತ್ತದೆ, ಅಳುತ್ತಾಳೆ. ನನಗೆ ಎರಡೂ ಬರುವುದಿಲ್ಲ, ಸಿಟ್ಟೊಂದೇ ಬರುತ್ತದೆ.

ಆಮೇಲೆ ನಿಮ್ಮದೊಂದು ವಿಡಿಯೊ ಸಿಕ್ಕಿತು. ಹತ್ತೊಂಬತ್ತು ಸೆಕೆಂಡಿನದು, ೨೦೨೬ರ ಮಾರ್ಚ್ ೨೮ರಂದು, ಆಟ ಮುಗಿದ ಕೂಡಲೇ ತೆಗೆದದ್ದು. ಉಪ್ಪರಿಗೆಯ ಅಂಚಿನಿಂದ, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಹಿರಿಯರೊಬ್ಬರು ಇಣುಕುತ್ತಾರೆ.

“ಯವ್ವಾ, ಹಿಂದ ಬಾ. ಇದು ಹೆಂಗ ನಿಂತೈತಿ ತೋರಸ್ತೀನಿ. ನಾಳೆ ಸಂಜಿಗೆ ಬಿಚ್ಚಿದ ಮ್ಯಾಲ ತಿಳಿಯಾಂಗಿಲ್ಲ.”

“ಆಮ್ಯಾಲ ಬರ್ತೀನಿ ಮೌನೇಶಣ್ಣ. ಈಗ ಚೂರು ಪಕ್ಕಕ್ಕ ಸರೀರಿ, ಫೋಟೊದಾಗ ಬರಾಕತ್ತೀರಿ.”

ಅವರು ಸರಿದರು. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಐವತ್ತು ಸಲ ನೋಡಿದ್ದೇನೆ, ಐವತ್ತು ಸಲವೂ ಅವರು ಸರಿಯುತ್ತಾರೆ. ನಿಮ್ಮ ಆ ‘ಆಮ್ಯಾಲ’ದಲ್ಲೇ ನಾನು ಬದುಕುತ್ತಿದ್ದೇನೆ, ಸುಹಾಸಿನಿಯವರೇ. ಜೈನಾಬಿ ಬಿದ್ದದ್ದೂ ಅದರೊಳಕ್ಕೇ.

ಈ ಕಾಗದ ನಿಮ್ಮ ಕೈಸೇರುವುದು ಆ ವಿಡಿಯೊದ ಮರುದಿನ ಬೆಳಿಗ್ಗೆ. ಉಪ್ಪರಿಗೆಯನ್ನು ಇನ್ನೂ ಬಿಚ್ಚಿರುವುದಿಲ್ಲ. ಫೈಲ್ ಇನ್ನೂ ನಿಮ್ಮ ಮೇಷ್ಟ್ರ ಮೇಜಿನ ಮೇಲಿದೆ, ಹಾಳೆ ಸೇರಿಸಲು ಅಡ್ಡಿಯಿಲ್ಲ. ಫೋನನ್ನು ಹಾಸ್ಟೆಲಿನಲ್ಲಿ ಬಿಟ್ಟು ಹಿಂಬದಿಗೆ ಹೋಗಿ. ಅಣ್ಣಾ ತಪ್ಪಾಯಿತು, ತೋರಿಸಿ ಎನ್ನಿ. ತೊಲೆ ಎಲ್ಲಿ ಊರಿದೆ, ಭಾರ ಎಲ್ಲಿಗೆ ಇಳಿಯುತ್ತದೆ, ಯಾವ ಗೂಟ ಮೊದಲು, ಯಾವುದು ಅದರ ನಂತರ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ನಿಮ್ಮ ಭಾಷೆಗೆ ತಿದ್ದಬೇಡಿ. ಕೆಳಗೆ ಅವರ ಪೂರ್ತಿ ಹೆಸರು ಬರೆದು ಸಹಿ ಹಾಕಿಸಿ.

ನನ್ನ ಎರಡನೇ ಏರುಪರೀಕ್ಷೆ ಎರಡನೇ ಮೇ ಇಪ್ಪತ್ತಕ್ಕೆ. ಈ ಸಲ ಹತ್ತುವವಳು ನಾನು. ನಾಳೆ ಬೆಳಿಗ್ಗೆ ನಿಮ್ಮ ಫೈಲನ್ನು ಮತ್ತೆ ತೆರೆಯುತ್ತೇನೆ. ಈಗ ಅದು ಆ ಒಂದೇ ಸಾಲಿನ ನಲವತ್ತೊಂದನೇ ಪುಟಕ್ಕೆ ಮುಗಿಯುತ್ತದೆ. ನಲವತ್ತೆರಡನೆಯದು ಇದ್ದರೆ ಬೈದದ್ದನ್ನೆಲ್ಲ ನುಂಗಿಕೊಂಡು ಉಳಿ ಮಸೆಯಲು ಕೂರುತ್ತೇನೆ. ಇಲ್ಲದಿದ್ದರೂ, ಕೆಳಗೆ ಯಾರೂ ನಿಲ್ಲಬಾರದೆಂದು ಇಲ್ಲಿನವರಿಗೆ ಹೇಳಿ, ಹತ್ತುತ್ತೇನೆ.

ಇಂತಿ,
ಮುಗಿಲವ್ವ ಕಡಕೋಳ