'ವೆರಾ ಮೇ'ಯ ತಳ

ಸಿಗ್ನೆಟ್, ಟಾಸ್ಮೇನಿಯಾ
೧೪ ಮಾರ್ಚ್ ೨೦೧೯

ಪ್ರೀತಿಯ ಡಾರಿಲಣ್ಣನಿಗೆ,

ಇದನ್ನು ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನಿನ್ನ ನಂಬರು ಒತ್ತಿದೆ. ಆಗಲಿಲ್ಲ. ಕೂತುಕೊಂಡು ಓದು.

'ವೆರಾ ಮೇ'ಯನ್ನು ಷೆಡ್ಡಿನಿಂದ ಹೊರಗೆಳೆದಿದ್ದೇನೆ. ದೊಡ್ಡಣ್ಣ ಕೀತ್ ಮುಳುಗಿ ಸತ್ತ ಮೇಲೆ ಇಪ್ಪತ್ತೊಂದು ವರ್ಷ ಅಪ್ಪ ಯಾರನ್ನೂ ಆ ದೋಣಿಯ ಹತ್ತಿರ ಬಿಡಲಿಲ್ಲ. ಈಗ ಅಪ್ಪನಿಗೆ ಎಂಬತ್ತಮೂರು, ಬೀಗದ ಕೈ ನನ್ನ ಬಳಿಯಿದೆ. ಹಲಗೆಗಳೆಲ್ಲ ನೀರಿಗೆ ಕೊಳೆಯದ ಹ್ಯೂಆನ್ ಪೈನ್ ಮರದವು, ಕೆರೆದರೆ ಇನ್ನೂ ಪರಿಮಳ. ಸರಿಮಾಡಿಸಿ ನೀರಿಗಿಳಿಸುವ ಆಸೆಯಿಂದ ದೋಣಿ ಬಡಗಿ ರೆಕ್ಸ್‌ನನ್ನು ಕರೆದೆ.

ತಳದಲ್ಲಿ ನೀರು ಜಿನುಗಿದರೆ ಒಳಗಿನಿಂದ ಸಿಮೆಂಟ್ ಸುರಿಯುವುದು ನಮ್ಮ ಹಿರಿಯರ ಅಭ್ಯಾಸ ತಾನೆ. ನಮ್ಮದರಲ್ಲಿ ಗೇಣು ದಪ್ಪಕ್ಕಿತ್ತು. ರೆಕ್ಸ್ ಬೆವರೊರೆಸಿಕೊಂಡು, ನಿಮ್ಮಪ್ಪ ದೋಣಿ ಇಟ್ಟಿದ್ದನೋ ರಸ್ತೆ ಹಾಕಿಸಿದ್ದನೋ ಎಂದು ನಕ್ಕ.

ಆಮೇಲೆ ನಗಲಿಲ್ಲ. ಸಿಮೆಂಟ್ ಎರಡು ಪದರವಾಗಿ ಎದ್ದಿತು. ಕೆಳಗಿನದು ಹಳೆಯದು, ಕಪ್ಪಗಿತ್ತು, ನಡುವೆ ಒಡೆದಿತ್ತು. ಮೇಲಿನದು ಆಮೇಲೆ ಸುರಿದದ್ದು. ಎರಡರ ಅಡಿಯಲ್ಲಿದ್ದ ಹಲಗೆ ಪೈನ್ ಅಲ್ಲ, ಯಾವುದೋ ಅಗ್ಗದ ಮರ. ಅದರಲ್ಲಿ ಅಂಗೈಯಗಲ ತೂತು. ಹೊರಗಿನಿಂದ ತಗಡು ಹೊಡೆದು ಬಣ್ಣ ಬಳಿದಿದೆ. ಅಂಚು ಮುಟ್ಟಿದರೆ ರಸ್ಕಿನ ಪುಡಿಯಂತೆ ಉದುರಿತು. ಹಳೆಯ ಸಿಮೆಂಟ್ ಸುರಿಯುವಾಗಲೇ ಅದು ಕೊಳೆತಿತ್ತು ಎಂದ ರೆಕ್ಸ್.

ನೀನು ತಳದ ನೀರಿನ ವಾಲ್ವ್ ಮುಚ್ಚಲು ಮರೆತದ್ದರಿಂದ ಅಂದು ದೋಣಿಗೆ ನೀರು ತುಂಬಿತು ಎಂದು ಅಪ್ಪ ಹೇಳಿದ. ಊರು ನಂಬಿತು. ನೀನೂ ನಂಬಿ, ಊರು ಬಿಟ್ಟು ದೇಶದ ಆಚೆ ತುದಿಯ ಫ್ರೀಮ್ಯಾಂಟಲ್ ಸೇರಿದೆ. ಆ ವಾಲ್ವ್‌ನ ಬಾಯಿ ಹೆಬ್ಬೆರಳಷ್ಟೇ, ಅಣ್ಣ. ತೆರೆದೇ ಇದ್ದಿದ್ದರೂ ಪಂಪು ಆ ನೀರನ್ನು ಹೊರಹಾಕುತ್ತಿತ್ತಂತೆ.

ಹಲಗೆಯ ತುಂಡನ್ನು ಅಪ್ಪನ ಚಹಾ ಲೋಟದ ಪಕ್ಕ ಇಟ್ಟೆ. ಅದನ್ನು ತಿರುಗಿಸಿ ನೋಡಿ, "ಆಗ ಎಲ್ರೂ ಸಿಮೆಂಟ್ ಹಾಕ್ತಿದ್ರು ಕಣೇ" ಎಂದ. ಹಾಗಾದರೆ ಡಾರಿಲ್ ಹೆಸರು ಯಾಕೆ ಹೇಳಿದೆ ಎಂದು ಕೇಳಿದೆ.

"ಅವ್ನು ಚಿಕ್ಕೋನು, ತಡ್ಕೋತಾನೆ ಅಂದ್ಕೊಂಡೆ. ನನ್ ಕೈಲಿ ಆಗ್ತಿರ್ಲಿಲ್ಲ."

ಅಷ್ಟು ಹೇಳಿ ಚಹಾ ಕುಡಿದ. ನಾನು ಹಲಗೆ ಎತ್ತಿಕೊಂಡು ಹೊರಗೆ ಬಂದೆ.

ಹಲಗೆ ನನ್ನ ಬಳಿ ಇದೆ. ನೀನು ಹೇಳಿದ ದಿನ ಊರಿನವರಿಗೆಲ್ಲ ತೋರಿಸುತ್ತೇನೆ. ಬರುವುದು ಬಿಡುವುದು ನಿನ್ನಿಷ್ಟ.

ನಿನ್ನ ತಂಗಿ,
ಲಿನೆಟ್

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಮೇಲಿನ ಪದರದ ಸಿಮೆಂಟ್ ಕಲಸಿದವಳು ನಾನು. ಕೀತ್‌ನನ್ನು ಮಣ್ಣು ಮಾಡಿದ ಮೂರನೆಯ ದಿನ. ನನಗಾಗ ಹದಿನಾರು. ತೂತು ನೋಡಿದ್ದೆ, ದಡದ ಬಂಡೆಗೆ ಬಡಿದು ಆದದ್ದು ಎಂದ ಅಪ್ಪ. ಒಡೆದ ಹಳೆಯ ಸಿಮೆಂಟನ್ನೂ ನೋಡಿದ್ದೆ. ಮರುದಿನ ನೀನು ಬಸ್ಸು ಹತ್ತುವಾಗ ನಿನ್ನ ಚೀಲ ಎತ್ತಿಕೊಟ್ಟೆ, ಕಂಡದ್ದನ್ನು ಹೇಳಲಿಲ್ಲ.